ಕಂಕುಳ ಹೊಲಿಗೆ

ಹದಿನಾಲ್ಕು ವೇಸ್ಟ್‌ಕೋಟು, ತಲಾ ಐದು ಗುಂಡಿ:
ಎಪ್ಪತ್ತು ಕಾಜಾ, ಎಲ್ಲ ನನ್ನ ಕೈಯವು.
ಲಿಫ್ಟಿನಲ್ಲಿ ಏರುವಾಗ ಅದನ್ನೇ ಎಣಿಸುತ್ತಿದ್ದೆ
ಹೊಟ್ಟೆಯ ಪುಕುಪುಕು ನಿಲ್ಲಲೆಂದು.

‘ಪಿಸೆ ಟೈಲರ್ಸ್, ಚೌಕಿಪೇಟೆ. ಇಬ್ಬರಿಗೆ’
ಎಂದಿತ್ತು ಕಾರ್ಡಿನಲ್ಲಿ.
ಬಿಲ್ಲಿನ ಬಾಕಿ ಕೇಳಲು ಹೋದಾಗ
ಬಾಕಿಯ ಬದಲು ಮ್ಯಾನೇಜರು ಕೊಟ್ಟದ್ದು.
ಇವರು ಅದನ್ನು ಚಾಕ್‌ಪೀಸಿನ ಡಬ್ಬಿಯಲ್ಲಿಟ್ಟು
ಹನ್ನೊಂದು ದಿನ ಸುಮ್ಮನಿದ್ದರು.
ಹನ್ನೆರಡನೆಯ ಸಂಜೆ ಮಷಿನ್ನು ನಿಲ್ಲಿಸಿ,
‘ನಾಳೆಗೆ ಅವಧಿ ಮುಗೀತದೆ, ಸೀರೆ ಉಟ್ಕೋ’ ಅಂದರು.

ಒಂಬತ್ತನೆಯ ಮಹಡಿ.
ನಮ್ಮ ಓಣಿಯಲ್ಲಿ ಬಿಟ್ಟಿ ಸಿಗುವ ಕತ್ತಲನ್ನು
ಇಲ್ಲಿ ದುಡ್ಡು ಕೊಟ್ಟು ತರಿಸಿ
ಹಿತ್ತಾಳೆ ದೀಪಗಳ ನಡುವೆ ಅಳೆದು ಹಾಸಿದ್ದರು.
ಕುರ್ಚಿಯ ಮಖಮಲ್ಲನ್ನು ಇವರು ಹೆಬ್ಬೆರಳಲ್ಲಿ ಉಜ್ಜಿ
‘ಪಾಲಿಯೆಸ್ಟರು’ ಎಂದು ಪಿಸುಗುಟ್ಟಿ
ಆಮೇಲೆ ಕೂತರು.

ಪಟ್ಟಿಯಲ್ಲಿ ರೂಪಾಯಿಯ ಗುರುತಿಲ್ಲ, ಬರೀ ಅಂಕಿ.
ಏಳುನೂರ ಐವತ್ತು:
‘ಯಾವ ಕುಂಭಕರ್ಣನ ಸೊಂಟದಳತೆ ಇದು?’ ಅಂದೆ.
ಇವರು ನಗಲಿಲ್ಲ.

ನನ್ನದು ಮದ್ಯವಿಲ್ಲದ್ದು: ಹುಣಸೆ, ಶುಂಠಿ,
ಗ್ಲಾಸಿನ ಬಾಯಿಗೆ ಖಾರದುಪ್ಪು,
ಸ್ಕೂಲಿನ ಗೇಟಿನ ಪೇರಲಹಣ್ಣಿನ ಗಾಡಿ
ಕಾಲು ಮೇಲೆ ಕಾಲು ಹಾಕಿ ಕೂತ ಹಾಗೆ.
ಇವರದು ಗಾಜಿನ ಗುಮ್ಮಟದಡಿ ಬಂತು, ಒಳಗೆ ಹೊಗೆ.
ಗುಮ್ಮಟ ಎತ್ತಿದರೆ
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವ ವಾಸನೆ.

ಇವರು ಮುಟ್ಟಲಿಲ್ಲ. ಕಣ್ಣು ಬೇರೆಲ್ಲೋ.
ಅತ್ತ ಕಟ್ಟೆಯ ಹಿಂದೆ ಹುಡುಗ
ಬೆಳ್ಳಿ ಡಬ್ಬಿಯನ್ನು ತಲೆಯ ಮೇಲೆತ್ತಿ ಕುಲುಕುತ್ತಿದ್ದ.
ಒಂದೊಂದು ಕುಲುಕಿಗೂ ಎಡಗಂಕುಳ ಕೆಳಗೆ
ಇಣುಕುತ್ತಿತ್ತು ಬಿಳೀ ಶರ್ಟು.
ಕಿತ್ತಳೆ ಸಿಪ್ಪೆಗೆ ಅವನು ಬೆಂಕಿ ಹಚ್ಚಿದ,
ಡಾಕ್ಟರರ ಮೇಜಿನವರು ಚಪ್ಪಾಳೆ ತಟ್ಟಿದರು,
ನಾವಿಬ್ಬರು ಮಾತ್ರ ಕಂಕುಳು ನೋಡುತ್ತಿದ್ದೆವು.

‘ಇಳಿಬಿಟ್ಟ ತೋಳಿಗೆ ಅಳೆದೆ ನಾನು’ ಅಂದರು.
‘ತೋಳೆತ್ತೋ ಕೆಲಸ ಅಂತ ಯಾವನೂ ಹೇಳಲಿಲ್ಲ.’
ಎದ್ದೇಬಿಟ್ಟರು.

ಐಸಿನ ಮಷಿನ್ನಿನ ಹಿಂದೆ, ಒದ್ದೆ ನೆಲದ ಮೇಲೆ
ಮೂವರೂ ನಿಂತೆವು.
ಹುಡುಗನ ಬಿಲ್ಲೆಯಲ್ಲಿ ‘ಟಿಪ್’ ಎಂದಷ್ಟೇ ಇತ್ತು.
‘ತಿಪ್ಪೇಸ್ವಾಮಿ ಸಾರ್, ಚಳ್ಳಕೆರೆ ಕಡೆ.
ಉದ್ದ ಆಯ್ತು ಅಂತ ಕತ್ತರಿಸಿದಾರೆ.’
ಇವರ ಕಾಲರಿನ ಹಿಂದೆ ಸೂಜಿ ಇತ್ತು,
ಮದುವೆಗೂ ತಿಥಿಗೂ ತೆಗೆಯದ ಸೂಜಿ.
ದಾರ ಇರಲಿಲ್ಲ.
ಪಾಚಿಹಸಿರು ದಾರ ಎಲ್ಲಿ ಸಿಗಬೇಕು ಈ ಹೊತ್ತಿನಲ್ಲಿ?

ಇನ್ನೊಂದು ಮಾತು ಹೇಳದೆ ಬಿಟ್ಟಿದ್ದೆ:
ಬಂದಾಗಿನಿಂದ ಸೆರಗು ಹೊದ್ದೇ ಕೂತಿದ್ದೆ ನಾನು,
ಚಳಿಗಲ್ಲ.
ಕತ್ತರಿಸಿ ಉಳಿದ ತುಂಡುಗಳನ್ನು ಕೂಡಿಸಿ
ಹೊಲಿದುಕೊಂಡ ರವಿಕೆ ನನ್ನ ಮೈಮೇಲಿತ್ತು.
ಬಟ್ಟೆಯೂ ಹೋಟೆಲಿನದೇ, ದಾರವೂ.

ಇವರು ನನ್ನ ಕಡೆ ನೋಡಿದರು, ನಾನು ಐಸಿನ ಕಡೆ.
ಆಮೇಲೆ ಸೆರಗು ಸರಿಸಿ, ರವಿಕೆಯಂಚಿನ ಒಳಮಡಿಕೆಯಿಂದ
ಒಂದು ಗೇಣು ದಾರ ಎಳೆದುಕೊಟ್ಟೆ.
ಹುಡುಗ ನನ್ನ ತೋಳು ನೋಡಿದ, ತನ್ನೆದೆ ನೋಡಿಕೊಂಡ.
‘ಅಕ್ಕಾರೆ, ನಾವು ಒಂದೇ ಥಾನಿನೋರು’ ಅಂದ.

ಮೈಮೇಲಿದ್ದ ಬಟ್ಟೆಗೆ ಸೂಜಿ ಹಾಕಬಾರದು,
ಹಲ್ಲಲ್ಲೊಂದು ಕಡ್ಡಿ ಕಚ್ಚು ಅಂದರೆ
ಪುದೀನದ ದಂಟು ಕಚ್ಚಿ, ತೋಳೆತ್ತಿ ನಿಂತ
ಕಳ್ಳ ಸಿಕ್ಕಿಬಿದ್ದ ಹಾಗೆ.
ಗಾಜಿನಾಚೆ ಕೆಳಗೆ ಊರು:
ಮಂಡಕ್ಕಿ ಭಟ್ಟಿಗಳ ದಿಕ್ಕಿಗೆ ಸ್ವಲ್ಪ ಕೆಂಪು,
ರೈಲ್ವೆ ಗೇಟು ಹಾಕಿತ್ತೇನೋ,
ಹೆಡ್‌ಲೈಟುಗಳು ಕದಲದೆ ನಿಂತಿದ್ದವು.
ಒಂಬತ್ತು ಹೊಲಿಗೆ. ಗಂಟು. ಇವರು ಹಲ್ಲಿಂದ ಕಡಿದರು.
ಹೊರಗಿನಿಂದ ಯಾರೋ ‘ಟಿಪ್’ ಎಂದು ಕೂಗಿದರು,
ದಂಟು ಉಗುಳಿ ಓಡಿದ.

ಮೇಜಿಗೆ ಬಂದರೆ ಹೊಗೆ ಹೋಗಿತ್ತು,
ಐಸು ಕರಗಿ ಗ್ಲಾಸಿನಲ್ಲಿದ್ದದ್ದು ಕಷಾಯದ ಬಣ್ಣ.
ನಿಂತುಕೊಂಡೇ ಗಟಗಟ ಕುಡಿದರು, ಔಷಧಿಯಂತೆ.

ಆಟೋದಲ್ಲಿ ಬಹಳ ಹೊತ್ತು ಮಾತಿಲ್ಲ.
ತುಟಿಯ ಮೂಲೆಯಲ್ಲಿ ನನಗಿನ್ನೂ ಖಾರದುಪ್ಪು.
‘ಹೆಂಗಿತ್ತು?’ ಅಂತ ಕೇಳಿದೆ.

‘ಬಿಗಿ’ ಅಂದರು. ‘ಒಂದಿಂಚು ಬಿಡಬೇಕಿತ್ತು.
ಇನ್ನೂ ಹದಿಮೂರು ಅದಾವೆ.’